ಶೇ 60ರ ರಿಯಾಯಿತಿ ಬೇಕೆ? ಅಚ್ಚಿಗೆ ಹೋಗುವ ಮೊದಲೇ ಕೇಳಿ

ಮಾನ್ಯ ಸಂಪಾದಕರೇ,

ರಾಜ್ಯೋತ್ಸವದ ತಿಂಗಳಲ್ಲಿ ಎಲ್ಲಿ ನೋಡಿದರೂ ಅರ್ಧ ಬೆಲೆಯ ಪುಸ್ತಕಗಳ ಮಾತು. ಕನ್ನಡ ಪುಸ್ತಕ ಪ್ರಾಧಿಕಾರ ನವೆಂಬರಿನಲ್ಲಿ ತನ್ನ ಪ್ರಕಟಣೆಗಳನ್ನು ಶೇ 50ರ ರಿಯಾಯಿತಿಯಲ್ಲಿ ಮಾರುತ್ತದೆ. ಅವು ಸರ್ಕಾರದ ಹಣದಲ್ಲಿ ಅಚ್ಚಾದ ಪುಸ್ತಕಗಳು, ಓದುಗರಿಗೆ ಅಗ್ಗವಾಗಿ ಸಿಗುವುದು ನ್ಯಾಯವೇ. ಆದರೆ ಅದೇ ಅಳತೆಯಲ್ಲಿ ಖಾಸಗಿ ಪ್ರಕಾಶಕರನ್ನೂ ಅಳೆಯುವ ರೂಢಿ ಬೆಳೆದಿದೆ. ಮದುವೆಯಲ್ಲಿ ಹಂಚಲು 300 ಪ್ರತಿ, ಶಾಲೆಯ ಬಹುಮಾನಕ್ಕೆ 200, ಕಂಪನಿಯ ಕನ್ನಡ ಸಂಘಕ್ಕೆ 500 ಬೇಕೆಂದು ಬರುವವರು ಮೊದಲ ಮಾತಿಗೇ ಶೇ 60 ಕೇಳುತ್ತಾರೆ. ಅಷ್ಟು ಕೊಡಲು ಸಾಧ್ಯವಿದೆ. ಆದರೆ ಗೋದಾಮಿನಲ್ಲಿರುವ ಪ್ರತಿಗಳಿಂದಲ್ಲ, ಇನ್ನೂ ಅಚ್ಚಾಗದ ಪ್ರತಿಗಳಿಂದ.

ಇದು ಬರೀ ಕಾಗದದ ಲೆಕ್ಕ. 192 ಪುಟದ 1/8 ಡೆಮ್ಮಿ (ಸಾಮಾನ್ಯ ಕಾದಂಬರಿಯ ಅಳತೆ) ಪುಸ್ತಕವೆಂದರೆ 16 ಪುಟದ 12 ಫಾರಂ, ಅಂದರೆ ಒಟ್ಟಿಗೆ ಅಚ್ಚು ಹಾಕಿ ಮಡಚುವ ಪುಟಗಳ ಗುಂಪು. 23×36 ಇಂಚಿನ ಒಂದು ಡಬಲ್ ಡೆಮ್ಮಿ ಹಾಳೆಯಲ್ಲಿ ಎರಡೂ ಬದಿ ಸೇರಿ 32 ಪುಟ ಬರುವುದರಿಂದ ಒಂದು ಪ್ರತಿಗೆ ಆರು ಹಾಳೆ ಸಾಕು. 500 ಪ್ರತಿಗೆ 3000 ಹಾಳೆ, ಅಂದರೆ ಆರು ರೀಮ್. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದವಾದರೆ ಸುಮಾರು 112 ಕಿಲೋ, ಜೊತೆಗೆ ಹಾಳಾಗುವ ಹಾಳೆಗಳಿಗೆ ಒಂದಿಷ್ಟು. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು), ಕರಡು ತಿದ್ದುವುದು, ಮುಖಪುಟ ವಿನ್ಯಾಸ, ಪ್ಲೇಟು (ಅಚ್ಚಿನ ತಗಡು), ಯಂತ್ರವನ್ನು ಹೊಂದಿಸುವ ಕೂಲಿ, ಇವೆಲ್ಲ ಮೊದಲ 1000 ಪ್ರತಿಯ ಮೇಲೆ ಆಗಲೇ ಬಿದ್ದಿರುತ್ತವೆ. ಯಂತ್ರ ಓಡುತ್ತಿರುವಾಗಲೇ ಇನ್ನೂ 500 ಪ್ರತಿ ತೆಗೆದರೆ ಅವುಗಳಿಗೆ ತಗಲುವುದು ಕಾಗದ, ಶಾಯಿ, ಬೈಂಡಿಂಗ್ ಖರ್ಚು ಮಾತ್ರ.

ಉದಾಹರಣೆಗೆ, ಮುಖಬೆಲೆ ₹180, ಮೊದಲ 1000 ಪ್ರತಿಯ ತಯಾರಿ ಖರ್ಚು ತಲಾ ₹75, ಹೆಚ್ಚುವರಿ 500 ಪ್ರತಿಯದು ತಲಾ ₹50 ಎಂದಿಟ್ಟುಕೊಳ್ಳಿ. ಶೇ 60 ರಿಯಾಯಿತಿ ಕಳೆದರೆ ಕೈಗೆ ಬರುವುದು ₹72. ದಾಸ್ತಾನಿನಿಂದ ತೆಗೆದು ಕೊಟ್ಟರೆ ಲೇಖಕರ ಪಾಲು ಕೊಡುವ ಮೊದಲೇ ಪ್ರಕಾಶಕರಿಗೆ ಪ್ರತಿಗೆ ₹3 ನಷ್ಟ. ಹೆಚ್ಚುವರಿ ಮುದ್ರಣವಾದರೆ ₹22 ಉಳಿಯುತ್ತದೆ.

ಆ ₹22ರಲ್ಲಿ ಲೇಖಕರದೆಷ್ಟು ಎಂಬಲ್ಲಿಯೇ ಜಗಳ ಶುರುವಾಗುವುದು. ಮುಖಬೆಲೆಯ ಮೇಲೆ ಶೇ 10 ರಾಯಲ್ಟಿ ಎಂದು ಒಪ್ಪಂದದಲ್ಲಿದ್ದರೆ ₹18 ಲೇಖಕರಿಗೆ ಹೋಗಿ ಪ್ರಕಾಶಕರಿಗೆ ₹4 ಉಳಿಯುತ್ತದೆ, ಅದು ಕಟ್ಟು ಕಟ್ಟುವುದಕ್ಕೂ ಲಾರಿ ಬಾಡಿಗೆಗೂ ಸಾಲದು. ಆಗ ಕೆಲವರು ಆರ್ಡರನ್ನೇ ಬಿಡುತ್ತಾರೆ. ಇನ್ನು ಕೆಲವರು ಮಾರಿ, ಲೇಖಕರಿಗೆ ತಿಳಿಸದೆ ಸುಮ್ಮನಾಗುತ್ತಾರೆ. ಎರಡನೆಯದು ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ. ಒಪ್ಪಂದ ಬರೆಯುವಾಗಲೇ ಇದಕ್ಕೊಂದು ಷರತ್ತು ಸೇರಿಸಬೇಕು: ಶೇ 50ಕ್ಕಿಂತ ಹೆಚ್ಚಿನ ರಿಯಾಯಿತಿಯ ಸಗಟು ಮಾರಾಟಕ್ಕೆ ರಾಯಲ್ಟಿಯನ್ನು ಮುಖಬೆಲೆಯ ಮೇಲಲ್ಲ, ಕೈಗೆ ಬಂದ ಹಣದ ಮೇಲೆ ಲೆಕ್ಕ ಹಾಕುವುದು. ಶೇ 15 ಎಂದಾದರೆ ಮೇಲಿನ ಉದಾಹರಣೆಯಲ್ಲಿ ಲೇಖಕರಿಗೆ ಪ್ರತಿಗೆ ₹10.80, 500 ಪ್ರತಿಗೆ ₹5,400. ಪ್ರಕಾಶಕರಿಗೆ ಪ್ರತಿಗೆ ₹11.20. ಲೇಖಕರೂ ಎರಡು ವಿಷಯಗಳನ್ನು ಬರಹದಲ್ಲಿ ಪಡೆಯಬೇಕು. ಪ್ರತಿ ಸಗಟು ಮಾರಾಟಕ್ಕೂ ಮುಂಚೆ ತಮ್ಮ ಒಪ್ಪಿಗೆ ಕೇಳಬೇಕು, ವರ್ಷದ ಲೆಕ್ಕದಲ್ಲಿ ಅದು ಬೇರೆ ಸಾಲಿನಲ್ಲಿ ಕಾಣಬೇಕು.

ಇನ್ನು ಸೋರಿಕೆಯ ವಿಷಯ. ₹72ಕ್ಕೆ ಹೋದ ಪ್ರತಿಗಳಲ್ಲಿ ನೂರು ಉಳಿದರೆ ಅವು ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಲ್ಲೋ ಆನ್‌ಲೈನ್ ಮಳಿಗೆಯಲ್ಲೋ ₹90ಕ್ಕೆ ಕಾಣಿಸಿಕೊಳ್ಳುತ್ತವೆ. ಶೇ 30–35 ಕಮಿಷನ್ನಿಗೆ ತಂದು ₹180ಕ್ಕೆ ಮಾರುವ ಊರಿನ ಅಂಗಡಿಯವರು ಆ ಪ್ರಕಾಶಕರ ಪುಸ್ತಕ ಇಡುವುದನ್ನೇ ನಿಲ್ಲಿಸುತ್ತಾರೆ. ಇದಕ್ಕೆ ಉಪಾಯವಿದೆ: ವಿಶೇಷ ಪ್ರತಿಗಳ ಹಿಂಬದಿಯಲ್ಲಿ ಬೆಲೆ, ಬಾರ್‌ಕೋಡ್ ಎರಡನ್ನೂ ಬಿಟ್ಟು ‘ಉಡುಗೊರೆ ಪ್ರತಿ, ಮಾರಾಟಕ್ಕಲ್ಲ’ ಎಂದು ಅಚ್ಚು ಹಾಕುವುದು. ಅದಕ್ಕೆ ಬೇಕಾದದ್ದು ಮುಖಪುಟದ ಬೇರೆ ಪ್ಲೇಟು ಮಾತ್ರ, ಒಳಪುಟಗಳನ್ನು ಮುಟ್ಟಬೇಕಾಗಿಲ್ಲ. ಮುಖಪುಟ ಅಥವಾ ಬೆಲೆ ಬದಲಾದ ಮಾತ್ರಕ್ಕೆ ಹೊಸ ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಬೇಕಿಲ್ಲ. ಸಾದಾ ಬೈಂಡಿಂಗಿನಿಂದ ಗಟ್ಟಿ ರಟ್ಟಿಗೆ ಹೋದರೆ ಬೇಕು. ಈ ಮಾರಾಟದಲ್ಲಿ ಪುಸ್ತಕ ವಾಪಸ್ ಪಡೆಯುವ ಮಾತಿಲ್ಲ ಎಂಬುದನ್ನೂ ಆರ್ಡರಿನಲ್ಲೇ ಬರೆಯಬೇಕು. ಅರ್ಧ ಹಣ ಮುಂಗಡ, ಉಳಿದದ್ದು ಕಟ್ಟು ಹೊರಡುವ ಮುನ್ನ. ಮದುವೆ ಮುಗಿದ ಮೇಲೆ ಹಣ ಕೇಳಲು ಹೋಗುವುದು ಎಷ್ಟು ಮುಜುಗರದ ಕೆಲಸವೆಂದು ಈ ಕ್ಷೇತ್ರದವರಿಗೆಲ್ಲ ಗೊತ್ತು.

ಮದುವೆಗೆ ಕೊಡುವವರಿಗೆ ಒಂದು ಮಾತು. 192 ಪುಟವೇ ಬೇಕೆಂದಿಲ್ಲ. 64 ಪುಟದ ಪುಸ್ತಕಕ್ಕೆ ಎರಡೇ ಡಬಲ್ ಡೆಮ್ಮಿ ಹಾಳೆ ಸಾಕು, ನಡುವೆ ಪಿನ್ ಹೊಡೆದರೆ ಬೈಂಡಿಂಗ್ ಮುಗಿಯಿತು. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಪಕ್ಕದಲ್ಲೇ ಕೂರುತ್ತದೆ. ವಧೂವರರ ಹೆಸರಿನ ಪುಟವನ್ನು ಫಾರಮ್ಮಿನೊಳಗೆ ಸೇರಿಸಲು ಹೋದರೆ ಆ ಫಾರಮ್ಮಿಗೇ ಬೇರೆ ಪ್ಲೇಟು ಬೇಕು. 300 ಪ್ರತಿಗೆ ಅದು ದುಬಾರಿ. ಬಿಡಿ ಹಾಳೆ ಅಚ್ಚು ಹಾಕಿಸಿ ಮೊದಲ ಪುಟದ ಒಳಅಂಚಿಗೆ ಅಂಟಿಸುವುದೇ ವಾಸಿ. ಗೋಂದು ಅಂಚಿನಲ್ಲಿ ಐದು ಮಿಲಿಮೀಟರ್ ಪಟ್ಟಿಯಷ್ಟೇ ಇರಲಿ. ಹೆಚ್ಚಾದರೆ, ಅದರಲ್ಲೂ ಮಳೆಗಾಲದಲ್ಲಿ, ಪುಟ ಸೊಟ್ಟಗಾಗಿ ಪಕ್ಕದ ಪುಟಕ್ಕೂ ಅಂಟಿಕೊಳ್ಳುತ್ತದೆ. ಲಗ್ನಪತ್ರಿಕೆ ಅಚ್ಚಿಗೆ ಕೊಡುವ ದಿನವೇ ಪುಸ್ತಕದ ಮಾತೂ ಆಗಲಿ. ಕೊನೆಯ ವಾರದಲ್ಲಿ ಬಂದವರಿಗೆ ಸಿಗುವುದು ದಾಸ್ತಾನು ಮಾತ್ರ.

ಕಂಪನಿಗಳ ಲೆಕ್ಕಪತ್ರದವರು ತೆರಿಗೆ ಬಿಲ್ ಕೇಳಿ ಕಡತ ತಡೆಹಿಡಿಯುವುದುಂಟು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಕೊಡಬೇಕಾದದ್ದು ‘ಬಿಲ್ ಆಫ್ ಸಪ್ಲೈ’. ಪುಸ್ತಕದ ಜೊತೆ ಪೆನ್ನು, ಚೀಲ ಸೇರಿಸಿ ಒಂದೇ ಬೆಲೆ ಹಾಕಿದರೆ ಇಡೀ ಕಟ್ಟಿಗೆ ಅವುಗಳಲ್ಲಿ ಅತಿ ಹೆಚ್ಚಿನ ತೆರಿಗೆ ದರವೇ ಬೀಳುತ್ತದೆ. ಬೇರೆ ಬೇರೆ ಬಿಲ್ ಮಾಡಿ. ಕಾಗದಕ್ಕೆ, ಮುದ್ರಣಕ್ಕೆ ಕಟ್ಟಿದ ತೆರಿಗೆ ಪ್ರಕಾಶಕರಿಗೆ ವಾಪಸ್ ಬರುವುದಿಲ್ಲ, ಅದೂ ತಯಾರಿ ಖರ್ಚಿಗೇ ಸೇರುತ್ತದೆ ಎಂಬುದನ್ನು ಚೌಕಾಸಿ ಮಾಡುವವರು ನೆನಪಿಡಬೇಕು.

ಈ ರಿಯಾಯಿತಿಗೆಂದೇ ₹180ರ ಪುಸ್ತಕಕ್ಕೆ ₹360 ಅಚ್ಚು ಹಾಕುವ ದಾರಿ ಹಿಡಿದವರೂ ಇದ್ದಾರೆ. ಇದನ್ನು ನಾವು ಖಡಾಖಂಡಿತವಾಗಿ ವಿರೋಧಿಸುತ್ತೇವೆ. 500 ಪ್ರತಿ ಕೊಳ್ಳುವ ಕಂಪನಿಗೆ ಇದರಿಂದ ಏನೂ ಆಗದು. ಅಂಗಡಿಗೆ ಬಂದು ಒಂದೇ ಪ್ರತಿ ಕೊಳ್ಳುವ ವಿದ್ಯಾರ್ಥಿ ಎರಡು ಪಟ್ಟು ತೆರುತ್ತಾನೆ.

ಹಾರ, ಶಾಲು ಬೇಡ, ಪುಸ್ತಕ ಕೊಡಿ ಎಂದು 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಳಿಕೊಂಡಿದ್ದರು. ಆ ಮಾತು ಸಭೆ ಸಮಾರಂಭಗಳ ಆಯೋಜಕರಿಗೂ ತಲುಪಲಿ. ದೂರದ ಊರಿನ ಶಾಲೆಗಳೂ ಹಿಂಜರಿಯಬೇಕಿಲ್ಲ. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಆರಂಭಿಸಿದೆ. ಐದು ಕಿಲೋವರೆಗಿನ ಪುಸ್ತಕದ ಕಟ್ಟಿಗೆ ತೆರಿಗೆ ಬಿಟ್ಟು ₹100 ಎಂದು ಆಗ ದರ ನಿಗದಿಯಾಗಿತ್ತು. ಮೇಲೆ ಹೇಳಿದ 192 ಪುಟದ ಪುಸ್ತಕ ಸುಮಾರು 220 ಗ್ರಾಂ ತೂಗುತ್ತದೆ, ಪ್ಯಾಕಿಂಗ್ ಸೇರಿ ಒಂದು ಕಟ್ಟಿನಲ್ಲಿ 20 ಪ್ರತಿ ಹೋಗುತ್ತವೆ. ಪ್ರತಿಗೆ ಸಾಗಣೆ ಐದಾರು ರೂಪಾಯಿ. ಭೂಮಾರ್ಗದಲ್ಲಿ ಹೋಗುವ ಅಂಚೆ ಇದು, ಬಹುಮಾನ ವಿತರಣೆಗೆ ಎರಡು ವಾರ ಮೊದಲೇ ಕಳಿಸಬೇಕು.

– ಕನ್ನಡ ಪುಸ್ತಕ ಪ್ರಕಾಶನ ಮತ್ತು ಮಾರಾಟದಲ್ಲಿ ತೊಡಗಿರುವ ಕೆಲವರು, ಬೆಂಗಳೂರು