ಚಿಕ್ಕಮಗಳೂರಿನ ಮೈಕ್‌ಸೆಟ್ ಅಂಗಡಿಯ ಹಿರಿಯರಿಗೆ

ಕಳೆದ ಮಳೆಗಾಲದ ಒಂದು ಸಂಜೆ, ಎಲೆಕ್ಟ್ರಿಕ್ ಗಿಟಾರಿಗೆ ನಾನೇ ಮೊದಲ ಬಾರಿಗೆ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಬದಲಿಸಿ, ಎರಡು ಕಾಯಿಲ್ (ತಂತಿ ಸುರುಳಿ) ಇರುವ ಹಮ್‌ಬಕರ್ ಹಾಕಿಯೂ ಗುಂಯ್‌ಗುಡುವ ಸದ್ದು ಹೋಗದೆ ಸೋತು ನಿಮ್ಮ ಅಂಗಡಿಗೆ ಬಂದಿದ್ದೆ. ಹೆಸರು ಕೇಳುವುದಕ್ಕೂ ತೋಚದೆ ಹಿಂದಿರುಗಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನೀವು ಗಿಟಾರನ್ನು ಆಂಪ್ಲಿಫಯರಿಗೆ ಜೋಡಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಪಿಕಪ್ಪಿನ ಎರಡು ಸಾಲುಗಳನ್ನೂ (ಒಂದೊಂದು ಕಾಯಿಲ್ಲಿಗೆ ಒಂದೊಂದು) ಮೆಲ್ಲಗೆ ತಟ್ಟಿದಿರಿ. ಒಂದು ಸಾಲು ಟಪ್ ಎಂದು ಸ್ಪಷ್ಟವಾಗಿ ನುಡಿಯಿತು, ಇನ್ನೊಂದು ಕ್ಷೀಣವಾಗಿತ್ತು. "ಒಂದು ಕಾಯಿಲ್ ಮಲಗಿದೆ, ಯಾವ ಕಂಪನಿಯ ವೈರಿಂಗ್ ಚಿತ್ರ ನೋಡಿ ವೈರ್ ಕೊಟ್ಟಿರಿ?" ಎಂದು ಕೇಳಿದಿರಿ. ತಪ್ಪು ಅಲ್ಲಿಯೇ ಇತ್ತು. ನಾನು ಹಾಕಿದ್ದ ಸೆಮೌರ್ ಡಂಕನ್ ಕಂಪನಿಯ ಪಿಕಪ್ಪಿನಲ್ಲಿ ಕಪ್ಪು ತಂತಿ ಸಿಗ್ನಲ್ಲಿಗೆ, ಹಸಿರು ಮತ್ತು ಬರಿ ತಂತಿ ಅರ್ತಿಂಗಿಗೆ ಹೋಗಿ, ಕೆಂಪು ಬಿಳಿ ಒಂದಾಗಬೇಕು. ನಾನು ಇನ್ನೊಂದು ಕಂಪನಿಯಾದ ಡಿಮಾರ್ಜಿಯೋದ ಕ್ರಮದಂತೆ ಕೆಂಪನ್ನು ಸಿಗ್ನಲ್ಲಿಗೆ ಕೊಟ್ಟು, ಕಪ್ಪು ಬಿಳಿಯನ್ನು ಸೇರಿಸಿದ್ದರಿಂದ ಒಂದು ಕಾಯಿಲ್ಲಿನ ಎರಡೂ ತುದಿಗಳು ಕೂಡಿ ಅದು ಶಾರ್ಟ್ ಆಗಿತ್ತು. ಎರಡು ಕಾಯಿಲ್‌ಗಳು ಒಟ್ಟಿಗೆ ದುಡಿದರೆ ಮಾತ್ರ ಆ ಸದ್ದು ಅಳಿಯುತ್ತದೆ.

ಬೆಸುಗೆಯನ್ನು ನೀವೇ ಹಾಕಿಕೊಡಬಹುದಿತ್ತು. ಹಾಗೆ ಮಾಡದೆ ಸೋಲ್ಡರಿಂಗ್ ಐರನ್ ನನ್ನ ಕೈಗಿತ್ತು, ಸದ್ದು ಹೆಚ್ಚುಕಡಿಮೆ ಮಾಡುವ ವಾಲ್ಯೂಮ್ ಪಾಟಿನ ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿಸಿ, "ಮೊದಲು ಜಾಗ ಕಾಯಿಸಿ, ಲೆಡ್ ತಾನಾಗಿಯೇ ಹರಿಯುತ್ತೆ" ಎಂದಿರಿ. ಮಂಕಾಗಿ ಗುಳ್ಳೆಯಂತೆ ನಿಂತಿದ್ದ ನನ್ನ ಹಳೆಯ ಬೆಸುಗೆಯ ಜಾಗದಲ್ಲಿ ಹೊಳೆಯುವ, ತೆಳ್ಳಗೆ ಹರಡಿದ ಬೆಸುಗೆ ಕೂತದ್ದನ್ನು ಕಂಡು ನನಗಾದ ಸಂತೋಷ ಇಂದಿಗೂ ಹಾಗೆಯೇ ಇದೆ.

ದುಡ್ಡು ತೆಗೆದುಕೊಳ್ಳಲಿಲ್ಲ ನೀವು. ಗಿಟಾರು ಈಗ ನಿಶ್ಶಬ್ದವಾಗಿ ಕಾಯುತ್ತದೆ, ಮುಟ್ಟಿದಾಗ ತುಂಬಿ ನುಡಿಯುತ್ತದೆ. ನಿಮಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.