ಕಮಾಂಡೊಗಳನ್ನು ಕರೆದೊಯ್ದವರಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ವಿಶೇಷ ಪಡೆಗಳ ದಾಳಿ ಬಗ್ಗೆ ಬರೆಯುವಾಗ ಕಮಾಂಡೊಗಳಿಗೇ ಎಲ್ಲ ಹೊಗಳಿಕೆ. ಕತ್ತಲಲ್ಲಿ ಅವರನ್ನು ಅಲ್ಲಿಗೆ ಮುಟ್ಟಿಸಿ ವಾಪಸ್ ಕರೆತಂದ ಪೈಲಟ್‌ಗಳ ಸುದ್ದಿಯೇ ಇರುವುದಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

1980ರ ಏಪ್ರಿಲ್‌ನಲ್ಲಿ ಇರಾನಿನಿಂದ ಒತ್ತೆಯಾಳುಗಳನ್ನು ಬಿಡಿಸಲು ಅಮೆರಿಕ 8 ಹೆಲಿಕಾಪ್ಟರ್ ಕಳಿಸಿತು. ಮರಳುಗಾಡಿನ ಧೂಳು, ಯಂತ್ರದ ತೊಂದರೆ ಎಲ್ಲ ಸೇರಿ ಕೊನೆಗೆ ಉಳಿದದ್ದು 5. ಬೇಕಿದ್ದದ್ದು 6. ಅಲ್ಲಿಗೆ ಕೆಲಸ ಕೈಬಿಟ್ಟರು. ಹೊರಡುವಾಗ ಒಂದು ಹೆಲಿಕಾಪ್ಟರ್ ನೆಲದ ಮೇಲಿದ್ದ ವಿಮಾನಕ್ಕೆ ಬಡಿದು 8 ಜನ ಸತ್ತರು. ರಾತ್ರಿ ಹಾರಾಟದಲ್ಲೇ ಪಳಗಿದ, ಅಮೆರಿಕ ಸೇನೆಯ ಹೆಲಿಕಾಪ್ಟರ್ ಪಡೆಯಾದ 160ನೇ ರೆಜಿಮೆಂಟ್, ಅಂದರೆ ಈಗಿನ ‘ನೈಟ್ ಸ್ಟಾಕರ್ಸ್’, ಹುಟ್ಟಿದ್ದು ಆ ಪೆಟ್ಟಿನಿಂದಲೇ.

2011ರ ಮೇ ತಿಂಗಳಲ್ಲಿ ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ಅಮೆರಿಕ ನಡೆಸಿದ ದಾಳಿಯನ್ನೇ ನೋಡಿ. ಬಿನ್ ಲಾಡೆನ್ ಮನೆಯ ಸುತ್ತ ಎತ್ತರದ ಗೋಡೆ. ರೆಕ್ಕೆಗಳು ಕೆಳಕ್ಕೆ ತಳ್ಳಿದ ಗಾಳಿ ಹೊರಗೆ ಹೋಗಲಾಗದೆ ಅಲ್ಲೇ ಸುತ್ತಿಕೊಂಡು ನೈಟ್ ಸ್ಟಾಕರ್ಸ್‌ನ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಹಿಡಿತ ಕಳೆದುಕೊಂಡಿತು. ಬಾಲ ಗೋಡೆ ಮೇಲೆ ಸಿಕ್ಕಿಕೊಂಡಿತು. ಪೈಲಟ್ ಅದನ್ನು ಮಗುಚದ ಹಾಗೆ ಮೂಗು ಮುಂದಾಗಿ ನೆಲಕ್ಕಿಳಿಸಿದ, ಒಳಗಿದ್ದ ಒಬ್ಬರೂ ಸಾಯಲಿಲ್ಲ. ಆ ಒಂದೆರಡು ಕ್ಷಣ ತಪ್ಪಿದ್ದರೆ ದಾಳಿ ಶುರುವಾಗುವ ಮೊದಲೇ ಮುಗಿಯುತ್ತಿತ್ತು ಅಲ್ವಾ?

2005ರಲ್ಲಿ ಅಫ್ಘಾನಿಸ್ತಾನದಲ್ಲಿ ಸಿಕ್ಕಿಬಿದ್ದ ಅಮೆರಿಕದ ಸೈನಿಕರ ನೆರವಿಗೆ ಹೋದ ಚಿನೂಕ್ ಹೆಲಿಕಾಪ್ಟರ್‌ಗೆ ರಾಕೆಟ್ ಬಡಿದು ಅದರಲ್ಲಿದ್ದ 16 ಜನರೂ ಸತ್ತರು. ಅವರಲ್ಲಿ 8 ಜನ ಇದೇ ರೆಜಿಮೆಂಟಿನವರು. ಮುಂದಿನ ಸಲ ಇಂಥ ಸುದ್ದಿ ಬಂದಾಗ ದಯವಿಟ್ಟು ಇವರ ಬಗ್ಗೆಯೂ ಬರೆಯಿರಿ.

– ಒಬ್ಬ ಓದುಗ