ಜೂನ್ 1ರಿಂದ ‘ಕೊನೆತನಕ’ ಫೀಸು ಇಲ್ಲ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಕೆನಡಾ ಪಿಆರ್ (ಅಲ್ಲಿ ಕಾಯಂ ವಾಸದ ಅನುಮತಿ) ಫೈಲಿನ ಕಾಗದಗಳನ್ನು, ಎಷ್ಟು ದಿನವಾದರೂ ಸರಿ, ಹೊಂದಿಸಿ ಮುಗಿಸಿಕೊಡಲು ನಾವು ತೆಗೆದುಕೊಳ್ಳುತ್ತಿದ್ದ 18,000 ರೂಪಾಯಿಯ ‘ಕೊನೆತನಕ’ ಫೀಸು ಜೂನ್ 1ರಿಂದ ಇರುವುದಿಲ್ಲ. ಮಾಡಿಸಿದ ಕೆಲಸಕ್ಕೆ ಆಗಿಂದಾಗ್ಗೆ ದುಡ್ಡು, ಅಷ್ಟೇ. ಭಾಷಾಂತರಕ್ಕೆ ಪುಟಕ್ಕೆ 400 ರೂಪಾಯಿ. ಮಿಕ್ಕ ದರ ಕೌಂಟರಿನ ಹಿಂದಿನ ಗೋಡೆಯಲ್ಲಿದೆ. ಜೊತೆಗೆ, ವಯಸ್ಸು, ಓದು, ಅನುಭವ ನೋಡಿ ಕೆನಡಾದವರು ಕೊಡುವ ಪಾಯಿಂಟ್‌ಗಳನ್ನು ಇಲ್ಲಿ ಕೂತು ಲೆಕ್ಕ ಹಾಕಿಕೊಡುವುದನ್ನೂ ನಿಲ್ಲಿಸಿದ್ದೇವೆ.

ದರ ಏರಿಸಲು ಹೂಡಿದ ಉಪಾಯ ಇದು ಅಂತ ಇಬ್ಬರು ಈಗಾಗಲೇ ಮುಖಕ್ಕೇ ಹೇಳಿ ಹೋದರು. ಸಲೀಸಾದ ಫೈಲಿನವರಿಗೆ ಮೊದಲಿಗಿಂತ ಕಡಿಮೆಯೇ ಬೀಳುತ್ತದೆ. ಗೋಜಲು ಫೈಲಿನವರಿಗೆ ಜಾಸ್ತಿ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

18,000 ಅಂತ ನಿಗದಿ ಮಾಡಿದಾಗ ಒಂದು ಫೈಲು ವರ್ಷದೊಳಗೆ ನಮ್ಮ ಬೀರು ಬಿಟ್ಟು ಹೋಗುತ್ತಿತ್ತು. ಈಗ ಮೂರನೇ ವರ್ಷಕ್ಕೆ ಕಾಲಿಟ್ಟ ಫೈಲುಗಳಿವೆ. ಪಿಆರ್ ಕಾಗದಗಳು ಹಾಲಿನ ಪ್ಯಾಕೆಟ್ ಇದ್ದ ಹಾಗೆ, ಒಂದೊಂದಕ್ಕೂ ಒಂದೊಂದು ತಾರೀಕು. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶಕ್ಕೆ 2 ವರ್ಷ, ಡಿಗ್ರಿ ಮೌಲ್ಯಮಾಪನದ ವರದಿಗೆ 5 ವರ್ಷ, ಮೆಡಿಕಲ್‌ಗೆ 12 ತಿಂಗಳು. ಇಲ್ಲಿನ ಪೊಲೀಸ್ ಕ್ಲಿಯರೆನ್ಸ್, ಅರ್ಜಿ ಹಾಕುವ ದಿನಕ್ಕೆ 6 ತಿಂಗಳಿಗಿಂತ ಹಳೆಯದಾಗಿರಬಾರದು. ಪಾಯಿಂಟ್ ಸಾಕಷ್ಟಿದ್ದು ಅರ್ಜಿ ಹಾಕಲು ಅಲ್ಲಿಂದ ಆಹ್ವಾನ ಬಂತೆಂದರೆ 60 ದಿನದಲ್ಲಿ ಎಲ್ಲವೂ ಒಟ್ಟಿಗೆ ಕೈಯಲ್ಲಿರಬೇಕು. ಒಂದು ಸಿಗುವಷ್ಟರಲ್ಲಿ ಇನ್ನೊಂದು ಹಳಸಿರುತ್ತದೆ, ಮತ್ತೆ ಮೊದಲಿಂದ. ಈ ಮತ್ತೆ ಮೊದಲಿಂದಕ್ಕೆ ನಾವು ಇಷ್ಟು ವರ್ಷ ಏನೂ ಕೇಳಿರಲಿಲ್ಲ. 2022ರ ನವೆಂಬರಿನಲ್ಲಿ ಅಲ್ಲಿಯವರು ಉದ್ಯೋಗಗಳ ಸಂಕೇತವನ್ನೇ ನಾಲ್ಕು ಅಂಕಿಯಿಂದ ಐದು ಅಂಕಿಗೆ ಬದಲಾಯಿಸಿದಾಗ, ಬೀರುವಿನಲ್ಲಿದ್ದ ಒಂದೊಂದು ಅನುಭವ ಪತ್ರವನ್ನೂ ತೆಗೆದು ಹೊಸ ಪಟ್ಟಿಯ ಜೊತೆ ಹೋಲಿಸಿ ನೋಡಿದೆವು. ದೀಪಾವಳಿ ಮುಗಿದ ತಿಂಗಳು, ರಾತ್ರಿ ಒಂಬತ್ತಾದರೂ ಮನೆಗೆ ಹೋಗಿರಲಿಲ್ಲ. ಯಾರಿಗೂ ಬಿಲ್ ಕೊಡಲಿಲ್ಲ. ಹೇಳಿಕೊಳ್ಳಬಾರದಿತ್ತು, ಆದರೂ ಹೇಳುತ್ತಿದ್ದೇವೆ.

ಇನ್ನು ನಮ್ಮ ಹೆಸರುಗಳ ಕತೆ ನಿಮಗೆ ಗೊತ್ತೇ ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಹೆಚ್. ಆರ್.’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರೂ ಅಪ್ಪನ ಹೆಸರೂ ಉದ್ದಕ್ಕೆ, ಮದುವೆ ಸರ್ಟಿಫಿಕೇಟಿನಲ್ಲಿ ಬರೀ ಮಂಜುನಾಥ್. ಹೊಳೇನರಸೀಪುರ ಅನ್ನೋದು ಊರೋ ಮನೆತನವೋ ಒಟ್ಟಾವಾದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೊಂದು ಅಫಿಡವಿಟ್ಟು, ನೋಟರಿ, ಇ-ಸ್ಟ್ಯಾಂಪು. ಕಂಪನಿಗಳ ಎಚ್‌ಆರ್ ಕೊಡುವ ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ‘ಶುಭವಾಗಲಿ’ ಇಷ್ಟೇ ಇರುತ್ತದೆ. ಕೆನಡಾದವರಿಗೆ ಮಾಡಿದ ಕೆಲಸದ ವಿವರ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಎಲ್ಲವೂ ಕಂಪನಿಯ ಲೆಟರ್‌ಹೆಡ್ಡಿನಲ್ಲೇ ಬೇಕು. ಆ ಪತ್ರ ಸರಿಯಾಗಿ ಬರುವ ತನಕ ನಾಲ್ಕು ಸಲ ವಾಪಸ್ ಕಳಿಸಿದ್ದೂ ಉಂಟು.

ಇಷ್ಟರ ಮೇಲೆ ಅಲ್ಲಿನ ಸರ್ಕಾರದ ಫೀಸನ್ನೂ ನಮ್ಮ ತಲೆಗೆ ಕಟ್ಟುತ್ತಾರೆ. 2024ರ ಏಪ್ರಿಲ್ 30ರಂದು ಅದು ಒಬ್ಬರಿಗೆ 1,365 ಕೆನಡಾ ಡಾಲರಿನಿಂದ 1,525ಕ್ಕೆ ಏರಿತು. ನೀವು ಅದನ್ನು ಕಟ್ಟುವುದು ನಿಮ್ಮ ಕಾರ್ಡಿನಿಂದ, ನೇರ ಅಲ್ಲಿಗೇ. ನಮ್ಮ ಡ್ರಾಯರಿಗೆ ಅದರಲ್ಲಿ ಒಂದು ಕಾಸೂ ಬೀಳುವುದಿಲ್ಲ.

ಈಗ ಆ ಐವತ್ತು ಪಾಯಿಂಟಿನ ವಿಷಯ.

ಒಂದು ವರ್ಷದಿಂದ ಕೇಳಿ ಕೇಳಿ ಸಾಕಾಗಿದೆ: “ಜಾಬ್ ಆಫರ್ ಇದ್ದರೆ 50 ಪಾಯಿಂಟ್ ಅಂತ ನೀವೇ ಹೇಳಿದ್ರಿ. ಆಫರ್ ತಂದ್ವಿ. ಪಾಯಿಂಟ್ ಎಲ್ಲಿ?” ನಾವು ಹೇಳಿದಾಗ ಅದು ನಿಜವಾಗಿತ್ತು. ದೊಡ್ಡ ಮ್ಯಾನೇಜರ್ ಹುದ್ದೆಗಳಿಗೆ 200, ಉಳಿದವರಿಗೆ 50 ಇತ್ತು. ಅಲ್ಲಿ ಹುದ್ದೆಯ ಕಾಗದವನ್ನೇ ಕಾಸಿಗೆ ಮಾರುವ ದಂಧೆ ಬೆಳೆದಿತ್ತು. ಅದನ್ನು ಮಟ್ಟ ಹಾಕಲು 2025ರ ಮಾರ್ಚ್ 25ರಿಂದ ಜಾಬ್ ಆಫರಿನ ಪಾಯಿಂಟನ್ನೇ ಕಿತ್ತುಹಾಕಿದರು. ಆಗಲೇ ಆಹ್ವಾನ ಬಂದಿದ್ದವರಿಗೆ ಏನೂ ತೊಂದರೆಯಾಗಲಿಲ್ಲ. ಸಾಲಿನಲ್ಲಿ ಕಾಯುತ್ತಿದ್ದವರ ಲೆಕ್ಕದಿಂದ ಮಾತ್ರ 50 ಹೋಯಿತು, ನಿಜವಾದ ಆಫರ್ ಇದ್ದವರದ್ದೂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಬಿದ್ದವರು ನೀವು, ಬೈಸಿಕೊಂಡವರು ನಾವು.

ನಮ್ಮ ತಪ್ಪು ಎಲ್ಲಿ ಅಂದರೆ, ಹೀಗೆ ಮಾಡುತ್ತೇವೆಂದು ಅಲ್ಲಿನ ಸಚಿವರು 2024ರ ಡಿಸೆಂಬರಿನಲ್ಲೇ ಹೇಳಿದ್ದರು. ನಮ್ಮ ಗೋಡೆಯ ಪಟ್ಟಿಯಲ್ಲಿ ಮಾರ್ಚ್ ಕೊನೆಯವರೆಗೂ ‘ಜಾಬ್ ಆಫರ್: 50’ ಅಂತಲೇ ಇತ್ತು. ಆ ಮೂರು ತಿಂಗಳಲ್ಲಿ ಅದನ್ನು ನೋಡಿ ನಂಬಿದವರಿದ್ದಾರೆ. ಅವರ ಕ್ಷಮೆ ಕೇಳುತ್ತೇವೆ. ಪುಕ್ಕಟೆ ಹೇಳಿದ ಮಾತು ಅಂತ ಜಾರಿಕೊಳ್ಳುವುದಿಲ್ಲ.

ಆದರೆ ಎಲ್ಲ ಪಾಯಿಂಟಿಗೂ ನಾವು ಹೊಣೆಯಲ್ಲ. ಒಂಟಿ ಅರ್ಜಿದಾರರಿಗೆ 29ನೇ ವಯಸ್ಸಿನವರೆಗೆ 110 ಇರುತ್ತದೆ, 35ಕ್ಕೆ 77, 40ಕ್ಕೆ 50. ಹುಟ್ಟುಹಬ್ಬವನ್ನು ನಾವು ತಡೆಯಲಾಗುತ್ತದೆಯೇ? 2023ರಲ್ಲಿ ಕೆಲವು ಉದ್ಯೋಗಗಳಿಗೆ ಬೇರೆಯೇ ಆಹ್ವಾನದ ಸುತ್ತು ಶುರುವಾದಾಗ ಅದರ ಪಟ್ಟಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳಿದ್ದರು. 2025ರ ಫೆಬ್ರವರಿಯಲ್ಲಿ ಅವರನ್ನು ಕೈಬಿಟ್ಟು ಮೆಕ್ಯಾನಿಕಲ್‌ನವರ ಜೊತೆ ವಿಮಾ ಏಜೆಂಟರನ್ನೂ ಸೇರಿಸಿದರು. (ನಮ್ಮ ಎಲ್‌ಐಸಿ ಏಜೆಂಟ್ ಅಂದಿನಿಂದ ತುಂಬಾ ಹುರುಪಿನಲ್ಲಿದ್ದಾರೆ.) ಒಟ್ಟು ಬಾಗಿಲೇ ಕಿರಿದಾಗಿದೆ: 2025ಕ್ಕೆ 5,00,000 ಜನಕ್ಕೆ ಪಿಆರ್ ಅಂದಿದ್ದದ್ದು 3,95,000ಕ್ಕೆ ಇಳಿಯಿತು, ಪ್ರಾಂತ್ಯಗಳು ಆರಿಸಿಕೊಳ್ಳುವ ಪಾಲು 1,20,000ದಿಂದ 55,000ಕ್ಕೆ. ಈ ಊರಿನಲ್ಲಿ ಮನೆಗೊಬ್ಬ ಸಾಫ್ಟ್‌ವೇರ್‌ನವರಿದ್ದಾರೆ, ಆ ಕೋಪವೆಲ್ಲ ಬಂದು ಬೀಳುವುದು ಮಾತ್ರ ಗಾಂಧಿಬಜಾರಿನ ಒಂದು ಮಹಡಿ ಆಫೀಸಿನ ಮೇಲೆ.

ಆದ್ದರಿಂದಲೇ ಲೆಕ್ಕ ಹಾಕುವುದನ್ನು ಬಿಟ್ಟೆವು. ದುಡ್ಡು ತೆಗೆದುಕೊಂಡು ಪಿಆರ್ ಸಲಹೆ ಕೊಡಬೇಕಾದರೆ ಅಲ್ಲಿನ ಕಾನೂನಿನ ಪ್ರಕಾರ ಅಲ್ಲಿಯದೇ ವಕೀಲರಾಗಿರಬೇಕು, ಇಲ್ಲವೇ ಲೈಸೆನ್ಸ್ ಇರುವ ಸಲಹೆಗಾರರಾಗಿರಬೇಕು. ಸಲಹೆಗಾರರಿಗೆ ಲೈಸೆನ್ಸ್ ಕೊಡುವ ‘ಕಾಲೇಜು’ ಎಂಬ ಸಂಸ್ಥೆ 2021ರಿಂದ ಇದೆ, ಅದರ ಪಟ್ಟಿ ಯಾರು ಬೇಕಾದರೂ ಆನ್‌ಲೈನಿನಲ್ಲಿ ನೋಡಬಹುದು. ಊರಿನಲ್ಲಿ ಯಾರಾದರೂ ‘ಗ್ಯಾರಂಟಿ ಪಿಆರ್’ ಅಂದರೆ ಮೊದಲು ಆ ಪಟ್ಟಿಯಲ್ಲಿ ಅವರ ಹೆಸರು ಹುಡುಕಿ. ನಮ್ಮ ಹೆಸರು ಅದರಲ್ಲಿಲ್ಲ. ನಾವು ಕಾಗದ ಹೊಂದಿಸುವವರು, ಆ ಕೆಲಸದಲ್ಲಿ ನಮ್ಮನ್ನು ಯಾರೂ ಬೆರಳು ಮಾಡಿ ತೋರಿಸಿಲ್ಲ.

ಈಚೆಗೆ ಜರ್ಮನಿ ಕೇಳಿಕೊಂಡು ಬರುವವರು ಹೆಚ್ಚು. ಬ್ಲೂ ಕಾರ್ಡ್ (ಓದಿದವರಿಗೆ ಅಲ್ಲಿ ಕೆಲಸ ಮಾಡಲು ಕೊಡುವ ಪರವಾನಗಿ) ಇದ್ದು ಬಿ1 ಅಂದರೆ ಮಧ್ಯಮ ಮಟ್ಟದ ಜರ್ಮನ್ ಭಾಷೆ ಬಂದರೆ 21 ತಿಂಗಳಿಗೆ, ತೀರಾ ಮೊದಲ ಮಟ್ಟದ ಎ1 ಆದರೆ 27 ತಿಂಗಳಿಗೆ ಅಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಭಾಷೆಗೆ ಸಿಎಂಎಚ್ ರಸ್ತೆಯ ಗೋಥೆ ಇನ್‌ಸ್ಟಿಟ್ಯೂಟ್ ಇದೆ. ಅದಕ್ಕಿಂತ ಜಾಸ್ತಿ ನಮ್ಮ ಬಾಯಿ ಬಿಡಿಸಬೇಡಿ.

ಹಳೆ ಫೀಸು ಪೂರ್ತಿ ಕಟ್ಟಿದವರು ಒಬ್ಬರೂ ಗಾಬರಿಯಾಗಬೇಕಿಲ್ಲ. ನಿಮ್ಮ ಫೈಲು ಎಷ್ಟು ಸಲ ಹಳಸಿದರೂ ಹಳೆ ಮಾತಿನಂತೆ ಮುಗಿಸಿಕೊಡುತ್ತೇವೆ, ರಸೀತಿ ಕಳೆದಿದ್ದರೆ ನಮ್ಮ ಲೆಡ್ಜರಿನಲ್ಲಿ ಹೆಸರಿದೆ. ಅರ್ಧ ಕಟ್ಟಿದವರು ಮೇ 31ರೊಳಗೆ ಬಂದು ಹಳೆಯದೋ ಹೊಸದೋ ಹೇಳಿ; ಬೇಡವೇ ಬೇಡ ಅನ್ನುವವರಿಗೆ ಮಾಡಿದ ಕೆಲಸ ಮುರಿದುಕೊಂಡು ಉಳಿದದ್ದು ವಾಪಸ್. ಜಗಳ ಮಾಡಲು ಬರುವವರೂ ಬನ್ನಿ, ಕೆಳಗಿನಿಂದ ಕಾಫಿ ತರಿಸುತ್ತೇವೆ. ಬುಧವಾರ ಮಾತ್ರ ಬೇಡ, ಅವತ್ತು ಮಧ್ಯಾಹ್ನ ನೋಟರಿಯವರ ಹತ್ತಿರ ಇರುತ್ತೇವೆ.

ನಿಮ್ಮ,
ಮಹಡಿ ಆಫೀಸಿನ ನಾಲ್ವರು